ಫೆಬ್ರವರಿಯಲ್ಲಿ ಕಾಣದ ನೀರು

(ಫೆಬ್ರವರಿ 2, ವಿಶ್ವ ಜೌಗು ಪ್ರದೇಶ ದಿನ. ದಕ್ಷಿಣ ಕೊಡಗಿನ ಒಂದು ಊರಿನ ಸಮುದಾಯ ಭವನದಲ್ಲಿ, ಮಳೆ ನೀರಿನ ಗುಂಡಿ, ಗದ್ದೆಗಳ ಬಗ್ಗೆ ಜನರಿಗೆ ಹೇಳಿಕೊಡುವ ನಮ್ಮ ತಂಡಕ್ಕೆ ಹೊಸದಾಗಿ ಸೇರುವವರ ಮುಂದೆ ಆಡಿದ ಮಾತು. ಹಿಂದುಮುಂದಾಗಿದ್ದನ್ನು ಬರೆಯುವಾಗ ಸರಿ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇದು ರೊಬಸ್ಟಾ ಕೊಯ್ಲಿನ ಸಮಯ. ಕಣದಲ್ಲಿ ಕಾಫಿ ಹರಡಿಟ್ಟು, ನೋಡಿಕೊಳ್ಳಲು ಯಾರನ್ನೋ ಕೂರಿಸಿ ಬಂದಿದ್ದೀರಿ ಅಂತ ಗೊತ್ತು. ಅದಕ್ಕೆ ಮೊದಲು ಧನ್ಯವಾದ.

ಒಳಗೆ ಬರುವ ಮೊದಲು ಈ ಭವನದ ಹಿಂದಿನ ಗದ್ದೆಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ಕೊಯ್ಲಾದ ಗದ್ದೆ. ಕೂಳೆ ಒಣಗಿದೆ. ಮಣ್ಣು ಬಿರುಕು ಬಿಟ್ಟಿದೆ. ನಾಲ್ಕು ಹುಡುಗರು ವಿಕೆಟ್ ನೆಟ್ಟು ಕ್ರಿಕೆಟ್ ಆಡುತ್ತಿದ್ದರು. ಗದ್ದೆಯ ಒಂದು ಮೂಲೆಯಲ್ಲಿ, ಬಾಣೆಯ, ಅಂದರೆ ಗದ್ದೆಗೆ ಸೇರಿದ ಎತ್ತರದ ಕಾಡುಜಾಗದ, ಇಳಿಜಾರು ಮುಗಿಯುವ ಕಡೆ, ಒಂದು ತಗ್ಗು ಇದೆ. ಅದರಲ್ಲೂ ಹನಿ ನೀರಿಲ್ಲ. ತಳದಲ್ಲಿ ಒಣ ಹುಲ್ಲು, ಒಂದಷ್ಟು ತರಗೆಲೆ. ಚೆಂಡು ಅಲ್ಲಿಗೆ ಹೋದರೆ ನಾಲ್ಕು ರನ್ ಅಂತ ಹುಡುಗರ ಲೆಕ್ಕ.

ನಾನು ಇವತ್ತು ಮಾತಾಡಲು ಬಂದಿರುವುದು ಆ ತಗ್ಗಿನ ಬಗ್ಗೆ.

ಆರಿದ್ರಾ ಮಳೆಯ ಹೊತ್ತಿಗೆ ಅಲ್ಲಿಗೆ ಬನ್ನಿ. ಮೊಣಕಾಲುದ್ದ ನೀರು ಇರುತ್ತದೆ. ರಾತ್ರಿ ಹೋದರೆ ಕಪ್ಪೆಗಳ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತು ಕೇಳಿಸುವುದಿಲ್ಲ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಗೊದಮೊಟ್ಟೆಗಳು ತಳದ ತುಂಬ. ತುಲಾ ಸಂಕ್ರಮಣ ಕಳೆದ ಮೇಲೆ ನೀರು ಇಳಿಯುತ್ತಾ ಬರುತ್ತದೆ. ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯಲು ಹೋಗುವಾಗ ಬರೀ ಕೆಸರು. ಈಗ ಕ್ರಿಕೆಟ್. ವರ್ಷದಲ್ಲಿ ಆರು ತಿಂಗಳು ಕೆರೆ, ಆರು ತಿಂಗಳು ಆಟದ ಮೈದಾನ. ಇದನ್ನು ಜೌಗು ಪ್ರದೇಶ ಅನ್ನಬೇಕಾ, ಬೇಡವಾ?

ಈ ದಿನವನ್ನು ಯಾಕೆ ಆರಿಸಿದರು ಅಂತ ಕೇಳಿದರೆ ಉತ್ತರ ಅಲ್ಲೇ ಸಿಗುತ್ತದೆ. 1971ರ ಫೆಬ್ರವರಿ 2ರಂದು ಇರಾನ್ ದೇಶದ ರಾಮ್ಸರ್ ಎಂಬ ಊರಿನಲ್ಲಿ ಜೌಗು ಪ್ರದೇಶಗಳ ಬಗ್ಗೆ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಭಾರತ 1982ರಲ್ಲಿ ಅದಕ್ಕೆ ಸೇರಿತು. ಆ ಒಪ್ಪಂದದ ಮೊದಲ ವಿಧಿಯಲ್ಲೇ ಇದೆ: ತಾನಾಗಿ ಆದದ್ದಾಗಲಿ, ಮನುಷ್ಯ ಮಾಡಿದ್ದಾಗಲಿ, ಸದಾ ನೀರಿರುವುದಾಗಲಿ, ಕೆಲವು ಕಾಲ ಮಾತ್ರ ಇರುವುದಾಗಲಿ, ಎಲ್ಲವೂ ಜೌಗು ಪ್ರದೇಶವೇ. ಅಂದರೆ ನಮ್ಮ ತಗ್ಗು ಕೂಡ ಸೇರಿತು. ಗದ್ದೆಯೂ ಸೇರಿತು.

ಆದರೆ ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮಗಳು ಭತ್ತದ ಗದ್ದೆಯನ್ನು ಪಟ್ಟಿಯಿಂದ ಹೊರಗೆ ಇಟ್ಟಿವೆ. ನನಗೆ ಅದರ ಮೇಲೆ ಕೋಪವಿಲ್ಲ. ಬದು ಕಟ್ಟಲು, ತೋಡು ತಿರುಗಿಸಲು ರೈತ ಪ್ರತಿ ಸಲ ಅನುಮತಿ ಕೇಳುವಂತಾದರೆ ಗದ್ದೆ ಮಾಡುವವರು ಇನ್ನೂ ಕಡಿಮೆ ಆಗುತ್ತಾರೆ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಕರ್ನಾಟಕದಿಂದ 2022ರಲ್ಲಿ ರಂಗನತಿಟ್ಟು ಸೇರಿತು. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಸೇರಿದವು. ರಂಗನತಿಟ್ಟಿನ ಹಕ್ಕಿಗಳ ಸುತ್ತ ಹರಿಯುವ ಕಾವೇರಿ ಹುಟ್ಟುವುದು ನಮ್ಮಲ್ಲೇ. ಅದು ದೊಡ್ಡ ಜಾಗ. ಅಲ್ಲಿ ಬೋರ್ಡ್ ಇದೆ, ದೋಣಿ ಇದೆ, ಟಿಕೆಟ್ ಇದೆ. ನಮ್ಮ ತಗ್ಗಿಗೆ ಏನೂ ಇಲ್ಲ. ಅದು ಉಳಿಯುವುದು, ಅದು ಏನು ಅಂತ ಗೊತ್ತಿರುವ ಜನ ಊರಿನಲ್ಲಿ ಇದ್ದರೆ ಮಾತ್ರ. ನಮ್ಮ ತಂಡ ಹುಟ್ಟಿದ್ದು ಅದಕ್ಕೇ.

ಹುಟ್ಟಿದ ಕತೆ ಹೇಳುತ್ತೇನೆ. ನಮ್ಮ ಮನೆಗೆ ಹೋಗುವ ದಾರಿಯ ಪಕ್ಕ ಇಂಥದ್ದೇ ಒಂದು ಗುಂಡಿ ಇತ್ತು. ಚಿಕ್ಕಂದಿನಿಂದ ನೋಡಿದ್ದು. ಮಳೆಗಾಲದಲ್ಲಿ ಶಾಲೆಯಿಂದ ಬರುವಾಗ ಕೊಡೆಯ ತುದಿಯಿಂದ ಅದರ ನೀರು ಕಲಕುತ್ತಿದ್ದೆವು. ಒಂದು ವರ್ಷ ಮಾರ್ಚ್ ತಿಂಗಳಲ್ಲಿ ರಸ್ತೆ ಅಗಲ ಮಾಡುವ ಕೆಲಸ ಬಂತು. ಕಡಿದ ಮಣ್ಣನ್ನು ಎಲ್ಲಿ ಹಾಕಬೇಕು ಅಂತ ಕೇಳಿದರು. ಅಲ್ಲಿ ಖಾಲಿ ಗುಂಡಿ ಇದೆಯಲ್ಲ, ಅಲ್ಲಿ ಹಾಕಿ ಅಂದರು ಯಾರೋ. ನಾನೂ ಅಲ್ಲೇ ನಿಂತಿದ್ದೆ. ನನಗೂ ಅದು ಖಾಲಿ ಗುಂಡಿಯಾಗೇ ಕಂಡಿತು. ಒಂದು ಮಾತೂ ಆಡಲಿಲ್ಲ. ಎರಡು ದಿನದಲ್ಲಿ ಗುಂಡಿ ತುಂಬಿತು, ಮೇಲೆ ಜಲ್ಲಿ ಬಿತ್ತು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಆ ರಾತ್ರಿ ನಾನು ಪೇಟೆಯಿಂದ ಬರುತ್ತಿದ್ದೆ. ಗಾಡಿಯ ಬೆಳಕಿನಲ್ಲಿ ರಸ್ತೆ ತುಂಬ ಕಪ್ಪೆ. ಬಾಣೆಯಿಂದ ಇಳಿದು, ಚರಂಡಿ ದಾಟಿ, ಆ ಜಲ್ಲಿಯ ಮೇಲೆ ಬಂದು ಕೂತಿದ್ದವು. ಗಂಡುಗಳು ಅಲ್ಲೇ ಕೂತು ಕೂಗುತ್ತಿದ್ದವು. ನೀರಿಲ್ಲದ ಕಲ್ಲಿನ ಮೇಲೆ. ಹಲವು ಜಾತಿಯ ಕಪ್ಪೆಗಳು ಮೊಟ್ಟೆ ಇಡಲು ವರ್ಷವರ್ಷವೂ ಅದೇ ಜಾಗಕ್ಕೆ ಬರುತ್ತವೆ ಅಂತ ಆಮೇಲೆ ಓದಿದೆ. ಬೆಳಿಗ್ಗೆ ಹೋಗಿ ನೋಡಿದಾಗ ಎಷ್ಟೋ ಕಪ್ಪೆಗಳು ಚಕ್ರಕ್ಕೆ ಸಿಕ್ಕಿ ಟಾರಿಗೆ ಅಂಟಿದ್ದವು. ಮುಂದಿನ ವರ್ಷ ಕೂಗು ಕಡಿಮೆ ಆಯಿತು. ಅದರ ಮುಂದಿನ ವರ್ಷ ಆ ತಿರುವಿನಲ್ಲಿ ಮಳೆ ಸದ್ದು ಮಾತ್ರ ಕೇಳಿಸಿತು.

ಗುಂಡಿ ಮುಚ್ಚಿದವರು ಕೆಟ್ಟವರಲ್ಲ. ಅದನ್ನು ಆಗಸ್ಟಿನಲ್ಲಿ ಮುಚ್ಚಲು ಹೋಗಿದ್ದರೆ ಯಾರಾದರೂ ತಡೆಯುತ್ತಿದ್ದರು. ಮಾರ್ಚಿನಲ್ಲಿ ಮುಚ್ಚಿದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. ಮಳೆಗಾಲದ ನೀರಿನ ಜಾಗಗಳು ಹಾಳಾಗುವುದು ಬೇಸಿಗೆಯಲ್ಲಿ. ಹಾಗಾಗಿ ಅವುಗಳ ಬಗ್ಗೆ ಹೇಳಿಕೊಡಬೇಕಾದದ್ದೂ ಬೇಸಿಗೆಯಲ್ಲೇ. ಇವತ್ತು ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೊಂದೇ.

ಈಗ ಆ ತಗ್ಗಿನೊಳಗೆ ಏನು ನಡೆಯುತ್ತದೆ ನೋಡೋಣ.

ವರ್ಷವಿಡೀ ನೀರಿರುವ ಕೆರೆಯಲ್ಲಿ ಮೀನು ಇರುತ್ತವೆ. ಮೀನಿಗೆ ಕಪ್ಪೆಯ ಮೊಟ್ಟೆ, ಗೊದಮೊಟ್ಟೆ ಅಂದರೆ ಹಬ್ಬದೂಟ. ಬೇಸಿಗೆಯಲ್ಲಿ ಪೂರ್ತಿ ಒಣಗುವ ಗುಂಡಿಯಲ್ಲಿ ಮೀನು ನೆಲೆ ನಿಲ್ಲುವುದಿಲ್ಲ. ತೋಡಿಗೆ ಸೇರಿದ ಗದ್ದೆಗಾದರೆ ಮೊದಲ ಮಳೆಗೆ ಮೀನು ಹತ್ತಿ ಬರುತ್ತವೆ, ಅದು ನಿಮಗೆಲ್ಲ ಗೊತ್ತು. ಆದರೆ ಒಂಟಿಯಾಗಿರುವ ತಗ್ಗಿಗೆ ದಾರಿ ಇಲ್ಲ. ಅದಕ್ಕೇ ಕಪ್ಪೆಗಳು ದೊಡ್ಡ ಕೆರೆ ಬಿಟ್ಟು ಈ ಸಣ್ಣ ನೀರು ಹುಡುಕಿಕೊಂಡು ಬರುವುದು. ನೀರು ಒಣಗುತ್ತದೆ ಅನ್ನುವುದನ್ನು ನಾವು ಕೊರತೆ ಅಂದುಕೊಂಡಿದ್ದೇವೆ. ಗೊದಮೊಟ್ಟೆಯ ಕಡೆಯಿಂದ ನೋಡಿದರೆ ಅದೇ ರಕ್ಷಣೆ.

ಆದರೆ ಅವಸರ ಇದೆ. ನೀರು ಇಳಿಯುವುದರೊಳಗೆ ಕಾಲು ಮೂಡಬೇಕು, ಬಾಲ ಕರಗಬೇಕು, ದಡ ಹತ್ತಬೇಕು. ಮಳೆ ಮಧ್ಯೆ ಮೂರು ವಾರ ಬಿಟ್ಟರೆ ಒಂದು ತಲೆಮಾರೇ ಹೋಗುತ್ತದೆ. ಗದ್ದೆಯ ದೊಡ್ಡ ಕಪ್ಪೆ ಇದೆಯಲ್ಲ, ಮೊದಲ ಜೋರು ಮಳೆಗೆ ಅದರ ಗಂಡು ಮೈಪೂರ್ತಿ ನಿಂಬೆ ಹಳದಿ ಆಗುತ್ತದೆ, ಗಂಟಲಿನ ಎರಡು ಬದಿ ನೀಲಿ ಚೀಲ ಉಬ್ಬುತ್ತದೆ. ಪ್ರತಿ ವರ್ಷ ವಾಟ್ಸಾಪಿನಲ್ಲಿ ಇದರ ವಿಡಿಯೊ ಓಡಾಡುತ್ತದೆ. ಬೇರೆ ದೇಶದ ಕಪ್ಪೆ ಅಂತ ಕೆಲವರು ಬರೆಯುತ್ತಾರೆ. ಅಲ್ಲ, ನಮ್ಮ ಗದ್ದೆಯದೇ. ಕೆಲವೇ ದಿನಗಳ ಮದುವೆ ಸಂಭ್ರಮ, ಆಮೇಲೆ ಮತ್ತೆ ಮಣ್ಣಿನ ಬಣ್ಣ. ಕಪ್ಪೆಯ ಕಾಲಿಗಾಗಿ ಇದನ್ನು ಒಂದು ಕಾಲದಲ್ಲಿ ಗದ್ದೆಗಳಿಂದ ಹಿಡಿದು ಹೊರದೇಶಕ್ಕೆ ಕಳಿಸುತ್ತಿದ್ದರು. 1987ರಲ್ಲಿ ಭಾರತ ಆ ರಫ್ತನ್ನು ನಿಲ್ಲಿಸಿತು.

ಎಲ್ಲ ಕಪ್ಪೆಗೂ ಗುಂಡಿ ಬೇಕು ಅಂತ ಹೇಳಿಕೊಡಬೇಡಿ, ಅದು ತಪ್ಪು. ಕೊಡಗಿನ ಹಳದಿ ಮರಗಪ್ಪೆ ಇದೆ. 2003ರಲ್ಲಿ ವಿಜ್ಞಾನಿಗಳು ಅದನ್ನು ನಮ್ಮ ಜಿಲ್ಲೆಯಿಂದಲೇ ಜಗತ್ತಿಗೆ ಮೊದಲು ಪರಿಚಯಿಸಿದರು. ಅದರ ಬಳಗದ ಕಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯೊಳಗೇ ಬೆಳೆದು, ಉಗುರಿನಷ್ಟೂ ಇಲ್ಲದ ಮರಿಕಪ್ಪೆಯಾಗಿ ಹೊರಬರುತ್ತವೆ. ಕಾಫಿ ಗಿಡದ ಮೇಲೆ ಸಂಜೆ ಟಕ್ ಟಕ್ ಅನ್ನುವುದು ಇಂಥವೇ. ಅವುಗಳಿಗೆ ಬೇಕಾದದ್ದು ನೆರಳು ಮತ್ತು ತೇವ. ಇನ್ನು ಹಾರುವ ಕಪ್ಪೆ, ಹಸಿರು ಮೈ, ಕಾಲ್ಬೆರಳ ಮಧ್ಯೆ ಕೆಂಪು ಪೊರೆ. ಅದು ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಎಲೆಗಳನ್ನು ಸೇರಿಸಿ ಬಿಳಿ ನೊರೆಯ ಗೂಡು ಮಾಡುತ್ತದೆ. ಮಳೆಗೆ ನೊರೆ ಕರಗಿದಾಗ ಮರಿಗಳು ಟಪಟಪ ಕೆಳಗಿನ ನೀರಿಗೆ ಬೀಳುತ್ತವೆ. ತೋಟದ ತೊಟ್ಟಿ, ಬಾವಿಯ ಮೇಲೆ ಈ ನೊರೆ ಕಂಡರೆ ಯಾರೋ ಸೋಪಿನ ನೀರು ಎರಚಿದ್ದಾರೆ ಅಂತ ಕೆಲವರು ಕಡ್ಡಿಯಿಂದ ಎಳೆದು ಹಾಕುತ್ತಾರೆ. ಒಂದು ಸಲ ಮರಿ ಬೀಳುವುದನ್ನು ನೋಡಿದವರು ಮತ್ತೆ ಯಾವತ್ತೂ ಅದನ್ನು ಮುಟ್ಟುವುದಿಲ್ಲ.

ನನಗೆ ತುಂಬ ಇಷ್ಟವಾದ ಕತೆ ಏರೋಪ್ಲೇನ್ ಚಿಟ್ಟೆಯದು, ಅಂದರೆ ಡ್ರ್ಯಾಗನ್ ಫ್ಲೈಯದು. ಮಳೆ ಸ್ವಲ್ಪ ಬಿಟ್ಟು ಬಿಸಿಲು ಬಂದಾಗ ಗದ್ದೆಯ ಮೇಲೆ ಗುಂಪಾಗಿ ಹಾರಾಡುವ ಹೊಂಬಣ್ಣದ್ದು. ಇದು ಹರಿಯುವ ಹೊಳೆಗಿಂತ ಇಂಥ ತಾತ್ಕಾಲಿಕ ಮಳೆ ನೀರಿನಲ್ಲೇ ಜಾಸ್ತಿ ಮೊಟ್ಟೆ ಇಡುತ್ತದೆ. ಮರಿ ನೀರಿನಲ್ಲಿ ಒಂದೂವರೆ ಎರಡು ತಿಂಗಳಲ್ಲಿ ಬೆಳೆದು, ಹುಲ್ಲಿನ ದಂಟು ಹತ್ತಿ, ಚಿಪ್ಪು ಕಳಚಿ ಹಾರುತ್ತದೆ. ಆಮೇಲೆ? ಮಾಲ್ಡೀವ್ಸಿನಲ್ಲಿ ಚಾರ್ಲ್ಸ್ ಆಂಡರ್ಸನ್ ಎಂಬ ಜೀವಶಾಸ್ತ್ರಜ್ಞರು ಪ್ರತಿ ವರ್ಷ ಅಕ್ಟೋಬರ್ ಸುಮಾರಿಗೆ ಇವು ಸಾವಿರಗಟ್ಟಲೆ ದ್ವೀಪಗಳಿಗೆ ಬಂದಿಳಿಯುವುದನ್ನು ಗಮನಿಸಿದರು. ಅಲ್ಲಿ ಅವು ಮರಿ ಮಾಡುವಂಥ ನೀರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಭಾರತದಿಂದ ಹೊರಟು ಸಮುದ್ರ ದಾಟಿ ಆಫ್ರಿಕಾದ ಮಳೆಯ ಕಡೆಗೆ ಹೋಗುತ್ತಿವೆ ಅಂತ ಅವರು 2009ರಲ್ಲಿ ಬರೆದರು. ಹೋದದ್ದೇ ತಿರುಗಿ ಬರುವುದಿಲ್ಲ. ಮಕ್ಕಳು, ಮೊಮ್ಮಕ್ಕಳು ಬರುತ್ತವೆ. ಒಂದು ಮಳೆ ಗುಂಡಿಯಿಂದ ಇನ್ನೊಂದು ಮಳೆ ಗುಂಡಿಗೆ, ಮಧ್ಯೆ ಇಡೀ ಸಮುದ್ರ. ಇದನ್ನು ಮಕ್ಕಳಿಗೆ ಹೇಳುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮಲ್ಲಿ ಇಂಥ ಜಾಗಗಳು ಎಷ್ಟು ಬಗೆ ಇವೆ ನೋಡಿ. ನಾಗರಹೊಳೆ ಕಾಡಿನೊಳಗೆ ಹಡ್ಲುಗಳಿವೆ. ಮರಗಳ ಮಧ್ಯೆ ಇದ್ದಕ್ಕಿದ್ದಂತೆ ತೆರೆದುಕೊಳ್ಳುವ ಹುಲ್ಲಿನ ತಗ್ಗು, ಮಳೆಗಾಲದಲ್ಲಿ ಕಾಲು ಹುಗಿಯುವ ಹುದುಲು. ನೀರು ನಿಲ್ಲುವುದರಿಂದ ಅಲ್ಲಿ ಮರ ಏಳುವುದಿಲ್ಲ. ಆನೆ, ಕಾಟಿ (ಕಾಡುಕೋಣ) ಮೇಯಲು ಬರುವುದು ಅಲ್ಲಿಗೇ. ಮೇಲೆ ತಡಿಯಂಡಮೋಳ್, ಬ್ರಹ್ಮಗಿರಿ ಕಡೆ ಬಂಡೆಯ ಮೇಲಿನ ಅಂಗೈ ಅಗಲದ ನೀರು. ಬಂಡೆ ಒದ್ದೆ ಇರುವಷ್ಟು ಕಾಲ ಮಾತ್ರ ಅಲ್ಲಿ ಬೆರಳುದ್ದದ ಗಿಡಗಳು ನೇರಳೆ ಹೂ ಬಿಡುತ್ತವೆ. ಯುಟ್ರಿಕುಲೇರಿಯಾ ಅಂತ ಹೆಸರು. ನೋಡಲು ಪಾಪದ್ದು. ಬುಡದಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿದ್ದು ನೀರಿನ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಚಾರಣಕ್ಕೆ ಬಂದವರು ಫೋಟೊ ತೆಗೆಯಲು ಅದರ ಮೇಲೇ ನಿಂತಿರುತ್ತಾರೆ, ಕಾಲ ಕೆಳಗೆ ಏನಿದೆ ಅಂತ ಗೊತ್ತಿಲ್ಲದೆ. ಆಮೇಲೆ ನಮ್ಮ ಗದ್ದೆಗಳು, ತೋಡಿನ ಪಕ್ಕದ ಗುಂಡಿಗಳು, ದಾರಿ ಬದಿಯ ಹಳ್ಳಗಳು. ಎಲ್ಲಕ್ಕಿಂತ ಹತ್ತಿರದವು ಇವೇ, ಎಲ್ಲಕ್ಕಿಂತ ಬೇಗ ಹೋಗುವುದೂ ಇವೇ.

ಬೇರೆ ಕಡೆ ಜನ ಏನು ಮಾಡುತ್ತಾರೆ? ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಹಿಮ ಕರಗಿದ ಮೇಲೆ ಕಾಡಿನಲ್ಲಿ ಇಂಥ ಗುಂಡಿಗಳು ತುಂಬುತ್ತವೆ. ವಸಂತದ ಮೊದಲ ಬೆಚ್ಚನೆಯ ಮಳೆ ರಾತ್ರಿ, ಕಪ್ಪೆಗಳೂ ಸಾಲಮ್ಯಾಂಡರ್‌ಗಳೂ ರಸ್ತೆ ದಾಟಿ ಅಲ್ಲಿಗೆ ಹೋಗುತ್ತವೆ. ಸಾಲಮ್ಯಾಂಡರ್ ಅಂದರೆ ಹಲ್ಲಿಯ ಹಾಗೆ ಕಾಣುವ, ಕಪ್ಪೆಯ ಸಂಬಂಧಿ. ಊರಿನವರು ಟಾರ್ಚ್ ಹಿಡಿದು, ಮಕ್ಕಳನ್ನು ಕರೆದುಕೊಂಡು ರಸ್ತೆಗೆ ಬಂದು ಅವುಗಳನ್ನು ದಾಟಿಸುತ್ತಾರೆ. ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್ ಎಂಬ ಊರಿನಲ್ಲಿ 1987ರಲ್ಲಿ ರಸ್ತೆಯ ಕೆಳಗೆ ಅವುಗಳಿಗಾಗಿಯೇ ಸುರಂಗ ಹಾಕಿಸಿದರು. ಅದೇ ರಾಜ್ಯದಲ್ಲಿ ಸಾಮಾನ್ಯ ಜನ ಗುಂಡಿಯ ಫೋಟೊ, ಮೊಟ್ಟೆಯ ದಾಖಲೆ ಕಳಿಸಿದರೆ ಸರ್ಕಾರ ಪರಿಶೀಲಿಸಿ ಆ ಗುಂಡಿಗೆ ಪ್ರಮಾಣಪತ್ರ ಕೊಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಚಳಿಗಾಲದ ಮಳೆಗೆ ತುಂಬುವ ಬಯಲು ಗುಂಡಿಗಳಿವೆ. ನೀರು ಇಳಿಯುತ್ತಾ ಬಂದಂತೆ ಅಂಚಿನಿಂದ ಒಳಗೆ ಬಳೆ ಬಳೆಯಾಗಿ ಹೂ ಅರಳುತ್ತದೆ. ಜೆಪ್ಸನ್ ಪ್ರೈರಿ ಎಂಬಲ್ಲಿ ತರಬೇತಿ ಪಡೆದ ಸ್ವಯಂಸೇವಕರು ಜನರನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ. ಅವರು ಮಾಡಿದ್ದನ್ನೇ ನಾವು ಇಲ್ಲಿ ಮಾಡಲಾಗುವುದಿಲ್ಲ. ನಮ್ಮ ಕಪ್ಪೆ ಬೇರೆ, ನಮ್ಮ ಮಳೆ ಬೇರೆ. ಮುಖ್ಯವಾಗಿ, ಅವರ ಕಾಡಿನಲ್ಲಿ ಆನೆ ಇಲ್ಲ.

ನಮ್ಮ ಕೆಲಸದ ಮೊದಲ ನಿಯಮ ಅಲ್ಲಿಂದಲೇ ಶುರು. ರಾತ್ರಿ ಕಪ್ಪೆ ನೋಡುವ ನಡಿಗೆಗೆ ಜಾಗ ಆರಿಸುವ ಮೊದಲು ಆ ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ, ಕೆಲಸದವರ ಲೈನ್ ಮನೆಗಳಲ್ಲಿ ಇರುವವರ ಹತ್ತಿರ ಕೇಳಿ. ಆ ದಿನ ಸಂಜೆ ಮತ್ತೆ ಕೇಳಿ. ಆನೆ ಓಡಾಟ ಇದೆ ಅಂದರೆ ಕಾರ್ಯಕ್ರಮ ರದ್ದು, ಎಷ್ಟೇ ಜನ ಬಂದಿರಲಿ. ಮನೆಯಂಗಳಕ್ಕೆ ಅಂಟಿಕೊಂಡ ಗದ್ದೆ ಇದ್ದರೆ ಅದೇ ಒಳ್ಳೆಯದು. ಜಗಲಿಯಲ್ಲಿ ಕೂತು ಕೂಗು ಕೇಳಿಸಿಕೊಂಡರೂ ಸಾಕು. ಕಣ್ಣಿಗಿಂತ ಕಿವಿಗೆ ಬೇಗ ಕಲಿಸಬಹುದು. ದೀಪ ಆರಿಸಿ ಐದು ನಿಮಿಷ ಸುಮ್ನೆ ಕೂತರೆ ಮಕ್ಕಳೇ ಹೇಳುತ್ತಾರೆ, ಒಂದು ಟ್ರಿನ್ ಅನ್ನುತ್ತಿದೆ, ಒಂದು ಕೊರ್ ಅನ್ನುತ್ತಿದೆ, ನಾಲ್ಕು ಬಗೆ ಇದೆ ಅಂತ.

ಎರಡನೆಯದು ಜಿಗಣೆ. ನಾವೆಲ್ಲ ಕಾಲಿಗೆ ಉಪ್ಪು, ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳುತ್ತೇವೆ. ಆ ಕೈಯಿಂದ ಕಪ್ಪೆಯನ್ನು ಮುಟ್ಟಬೇಡಿ. ಕಪ್ಪೆ ಚರ್ಮದ ಮೂಲಕವೂ ಉಸಿರಾಡುತ್ತದೆ, ನೀರು ಕುಡಿಯುತ್ತದೆ. ಉಪ್ಪು, ಸೊಳ್ಳೆಯ ಕ್ರೀಮು ಅದಕ್ಕೆ ಉರಿ. ನಿಜ ಹೇಳಬೇಕೆಂದರೆ ಮುಟ್ಟುವ ಅಗತ್ಯವೇ ಇಲ್ಲ. ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುವಾಗ ಬೂಟು ತೊಳೆದು ಒಣಗಿಸಿ. ಜಗತ್ತಿನ ಎಷ್ಟೋ ಕಡೆ ಕಪ್ಪೆಗಳನ್ನು ಕೊಂದ ಕೈಟ್ರಿಡ್ ಎಂಬ ಶಿಲೀಂಧ್ರ ನೀರು, ಕೆಸರಿನ ಜೊತೆ ಸಾಗುತ್ತದೆ. ನಿಮ್ಮ ಕಾಲಲ್ಲಿ ಗಾಯ ಇದ್ದರೆ ಗದ್ದೆ ನೀರಿಗೆ ಇಳಿಯಬೇಡಿ. ಇಲಿ ಜ್ವರ ಬರುವುದು ಹೀಗೇ.

ಮೂರನೆಯದನ್ನು ನಾವು ಕಷ್ಟಪಟ್ಟು ಕಲಿತೆವು. ಮೊದಲ ವರ್ಷ ಒಂದು ಶಾಲೆಯ ಮಕ್ಕಳಿಗೆ ಗೊದಮೊಟ್ಟೆಗಳನ್ನು ಬಾಟಲಿಯಲ್ಲಿ ಹಾಕಿ ಮನೆಗೆ ಕೊಟ್ಟೆವು. ಬೆಳೆಯುವುದನ್ನು ನೋಡಲಿ ಅಂತ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ವಾರದೊಳಗೆ ಹೆಚ್ಚಿನವು ಸತ್ತವು. ಒಂದು ಹುಡುಗಿ ಬಾಟಲಿ ಹಿಡಿದುಕೊಂಡು ಬಂದು, "ನಾನು ಏನು ತಪ್ಪು ಮಾಡಿದೆ ಅಕ್ಕ?" ಅಂತ ನಮ್ಮ ಜೊತೆಗಾತಿಯನ್ನು ಕೇಳಿದಳು. ಅವಳು ಏನೂ ತಪ್ಪು ಮಾಡಿರಲಿಲ್ಲ. ಅವತ್ತಿನಿಂದ ನಾವು ಏನನ್ನೂ ನೀರಿನಿಂದ ಮನೆಗೆ ಕಳಿಸುವುದಿಲ್ಲ. ಬಿಳಿ ತಟ್ಟೆಯಲ್ಲಿ ಅಲ್ಲಿನದೇ ನೀರು ಹಾಕಿ, ಐದು ನಿಮಿಷ ನೋಡಿ, ಅಲ್ಲೇ ಬಿಡುತ್ತೇವೆ.

ನಾಲ್ಕನೆಯದು, ಅಥವಾ ಇದೇ ಮೊದಲನೆಯದಾಗಬೇಕಿತ್ತು: ಕಲಿಸಲು ಹೋಗುವ ಮೊದಲು ಕೇಳಿ. ಗದ್ದೆಯ ಮಾಲೀಕರನ್ನು ಅನುಮತಿ ಕೇಳಿ, ಅದು ಸರಿ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಏನಿದೆ ಅಂತ ಕೇಳಿ. ನಾಟಿಗೆ ಬರುವ ಒಬ್ಬ ಅಕ್ಕ ನಮಗೆ ಕಲಿಸಿದ್ದು ಯಾವ ತರಬೇತಿಯಲ್ಲೂ ಸಿಕ್ಕಿಲ್ಲ. ಅವರು ಸಸಿ ಮಡಿಯ ನೀರಿನಲ್ಲಿ ಕೈಯಾಡಿಸಿ, ಗೊದಮೊಟ್ಟೆ ತಳದಲ್ಲಿ ಅಂಟಿಕೊಂಡಿದೆಯಾ, ಮಧ್ಯದಲ್ಲಿ ತೇಲುತ್ತಿದೆಯಾ ಅಂತ ನೋಡಿ ಇದು ಇಂಥ ಕಪ್ಪೆಯದು ಅನ್ನುತ್ತಿದ್ದರು. ಮಧ್ಯದಲ್ಲಿ ತೇಲುವ, ಕನ್ನಡಿಯ ಹಾಗೆ ಪಾರದರ್ಶಕವಾದವು ಸಣ್ಣಬಾಯಿ ಕಪ್ಪೆಯ ಮರಿಗಳು. ನಾವು ಕಾಲು ಮೂಡುವ ತನಕ ಕಾದು ನೋಡಿದೆವು. ಅವರು ಹೇಳಿದ್ದೇ ಸರಿ ಇತ್ತು. ಊರಿನ ಒಬ್ಬ ಅಜ್ಜನ ಲೆಕ್ಕ ಮಳೆ ನಕ್ಷತ್ರದ್ದು. ಮೃಗಶಿರದಲ್ಲಿ ಯಾವುದು ಕೂಗುತ್ತದೆ, ಪುಷ್ಯದಲ್ಲಿ ಯಾವುದು ನಿಲ್ಲಿಸುತ್ತದೆ, ಹುಂಡುಕೋಳಿ ಮರಿ ಯಾವಾಗ ಬದುವಿನ ಮೇಲೆ ಓಡುತ್ತವೆ ಅಂತ. ನಮ್ಮ ನೋಟ್‌ಬುಕ್ಕಿನಲ್ಲಿ ಈಗ ದಿನಾಂಕದ ಪಕ್ಕ ಮಳೆಯ ಹೆಸರನ್ನೂ ಬರೆಯುತ್ತೇವೆ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲೋ ಐನ್ಯಾಚುರಲಿಸ್ಟ್‌ನಲ್ಲೋ ಅಂಥ ಜೀವಿಗಳನ್ನು ದಾಖಲಿಸುವ ಜಾಲತಾಣದಲ್ಲಿ ಫೋಟೊ ಹಾಕುವುದು ಬೇರೆ, ಅದನ್ನೂ ಮಾಡಿ. ಆದರೆ ಅಜ್ಜನ ಲೆಕ್ಕ ಎಲ್ಲಿಯೂ ಅಪ್‌ಲೋಡ್ ಆಗಿಲ್ಲ. ಅವರು ಇರುವಾಗಲೇ ಕೂತು ಬರೆದುಕೊಳ್ಳಬೇಕು.

ಕೆಸರುಗದ್ದೆ ಕ್ರೀಡಾಕೂಟಗಳಿಗೂ ನಾವು ಹೋಗುತ್ತೇವೆ. ಮೊದಮೊದಲು ನನಗೆ ಅಲ್ಲಿ ಮಾತಾಡಲು ಸಂಕೋಚ ಇತ್ತು. ಜನ ಓಡಲು, ಹಗ್ಗ ಎಳೆಯಲು ಬಂದಿರುತ್ತಾರೆ. ಆದರೆ ಪೇಟೆಯಲ್ಲಿ ಬೆಳೆದ ಮಕ್ಕಳು ಮೊದಲ ಸಲ ಗದ್ದೆಗೆ ಕಾಲಿಡುವುದು ಅಲ್ಲೇ. ಬದುವಿನ ಮೇಲೆ ಒಂದು ಮೇಜು, ನಾಲ್ಕು ಬಿಳಿ ತಟ್ಟೆ, ಎರಡು ಭೂತಗನ್ನಡಿ. ಓಟ ಮುಗಿಸಿ ಮೈಯೆಲ್ಲ ಕೆಸರಾದ ಹುಡುಗ ಬಂದು ತಟ್ಟೆಯೊಳಗೆ ಬಗ್ಗಿ ನೋಡಿದರೆ ಸಾಕು. ಅವನು ಈಗಷ್ಟೇ ಓಡಿದ್ದು ಯಾರ ಮನೆಯೊಳಗೆ ಅಂತ ಅವನಿಗೇ ತಿಳಿಯುತ್ತದೆ. ಓಟಕ್ಕೆ ಒಂದು ಗದ್ದೆ ಬಿಟ್ಟು, ಪಕ್ಕದ್ದನ್ನು ಮುಟ್ಟದೆ ಇಡಿ ಅಂತ ಕೇಳಿದೆವು. ಕೇಳಿದ ಕಡೆಯೆಲ್ಲ ಒಪ್ಪಿದ್ದಾರೆ.

ಆದರೂ ಇವೆಲ್ಲ ಮಳೆಗಾಲದ ಕೆಲಸ. ಈಗ ನಾವು ಪ್ರತಿ ಗುಂಪನ್ನೂ ಎರಡು ಸಲ ಕರೆಯುತ್ತೇವೆ. ಒಮ್ಮೆ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ, ಒಮ್ಮೆ ಜೂನ್ ಕೊನೆಗೆ. ಒಣಗಿದಾಗ ಬಂದವರು ತಗ್ಗಿನ ಸುತ್ತ ನಡೆದು ಹೆಜ್ಜೆ ಎಣಿಸುತ್ತಾರೆ. ನೀರಿನ ಗುರುತು ಕಲ್ಲಿನ ಮೇಲೆ ಎಲ್ಲಿಯವರೆಗೆ ಇದೆ ಅಂತ ಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಏರೋಪ್ಲೇನ್ ಚಿಟ್ಟೆ ಕಳಚಿದ ಹಳೆಯ ಚಿಪ್ಪು ಹುಲ್ಲಿನಲ್ಲಿ ಸಿಗುತ್ತದಾ ಅಂತ ಹುಡುಕುತ್ತಾರೆ. ಜೂನಿನಲ್ಲಿ ಅವರೇ ಬಂದು ತಾವು ನಿಂತ ಜಾಗ ಮುಳುಗಿದ್ದನ್ನು ನೋಡುತ್ತಾರೆ. ಬರೀ ಮಳೆಗಾಲದಲ್ಲಿ ಬಂದವರಿಗೆ ಕಪ್ಪೆ ನೆನಪಿರುತ್ತದೆ. ಎರಡೂ ಸಲ ಬಂದವರಿಗೆ ಜಾಗ ನೆನಪಿರುತ್ತದೆ.

ಜನ ಕೇಳುವ ಎರಡು ಪ್ರಶ್ನೆ ಈಗಲೇ ಹೇಳಿಬಿಡುತ್ತೇನೆ, ನಿಮಗೂ ಕೇಳುತ್ತಾರೆ.

ಮೊದಲನೆಯದು, ನೀರು ನಿಂತರೆ ಸೊಳ್ಳೆ ಅಲ್ವಾ? ಹೌದು, ಕೆಲವು ಜಾತಿಯ ಸೊಳ್ಳೆ ಗದ್ದೆ ನೀರಿನಲ್ಲೂ ಬೆಳೆಯುತ್ತವೆ. ಇಲ್ಲ ಅಂತ ವಾದ ಮಾಡಬೇಡಿ. ಆದರೆ ಅದೇ ನೀರಿನಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿ, ನೀರುತಿಗಣೆಗಳು ಸೊಳ್ಳೆಮರಿಗಳನ್ನು ತಿನ್ನುತ್ತಿರುತ್ತವೆ. ಡೆಂಗಿ ಹರಡುವ ಸೊಳ್ಳೆ ಬೆಳೆಯುವುದು ಜಾಸ್ತಿ ಮನೆ ಸುತ್ತಲಿನ ಟೈರು, ಡ್ರಮ್ಮು, ತೆಂಗಿನ ಚಿಪ್ಪಿನಲ್ಲಿ. ಅಲ್ಲಿ ಅದನ್ನು ತಿನ್ನುವವರು ಯಾರೂ ಇಲ್ಲ. ಗುಂಡಿ ಮುಚ್ಚುವ ಬದಲು ಟೈರು ಕವುಚಿ ಹಾಕಿ ಅಂತ ಹೇಳಿ.

ಎರಡನೆಯದು ಕಷ್ಟದ ಪ್ರಶ್ನೆ. ಗದ್ದೆ ಮಾಡಿದರೆ ಕೈಯಿಂದ ದುಡ್ಡು ಹಾಕಬೇಕು, ಆಳು ಸಿಗಲ್ಲ, ಬೆಳೆದದ್ದನ್ನು ಆನೆ ತುಳಿಯುತ್ತದೆ, ನೀವು ಬಂದು ಗದ್ದೆ ಉಳಿಸಿ ಅಂತ ಹೇಳ್ತೀರಲ್ಲ? ನಾನು ಗದ್ದೆ ಮಾಡುವ ಮನೆಯವನೇ. ಈ ಮಾತು ಪೂರ್ತಿ ನಿಜ. ಆದ್ದರಿಂದ ನಾವು ಯಾರಿಗೂ ನಾಟಿ ಮಾಡಿ ಅಂತ ಹೇಳುವುದಿಲ್ಲ. ಹೇಳುವ ಹಕ್ಕು ನಮಗಿಲ್ಲ. ನಾವು ಹೇಳುವುದು ಇಷ್ಟು: ಪಾಳು ಬಿಟ್ಟ ಗದ್ದೆಯಲ್ಲೂ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಜೀವ ಬರುತ್ತದೆ. ಪಾಳು ಬಿದ್ದರೆ ಗದ್ದೆ ಸಾಯುವುದಿಲ್ಲ, ಮಣ್ಣು ತುಂಬಿಸಿದರೆ ಸಾಯುತ್ತದೆ. ಶುಂಠಿ ಹಾಕುವುದಾದರೂ, ಅಡಿಕೆ ಇಡುವುದಾದರೂ, ಆ ಒಂದು ತಗ್ಗಿನ ಮೂಲೆಯನ್ನು ಬಿಟ್ಟುಬಿಡಿ. ಅಲ್ಲಿಗೆ ಔಷಧಿಯ ನೀರು ಹರಿಯದ ಹಾಗೆ ಒಂದು ಸಣ್ಣ ಬದು ಹಾಕಿ. ಹಿರಿಯರು ಹೇಳುತ್ತಾರಲ್ಲ, ಗದ್ದೆಯಲ್ಲಿ ನೀರು ನಿಂತ ವರ್ಷ ಬಾವಿ ಬತ್ತಲ್ಲ ಅಂತ. ತಗ್ಗಿನಲ್ಲಿ ನಿಂತ ನೀರು ನಿಧಾನಕ್ಕೆ ಇಂಗಿ ಕೆಳಗಿನ ಒರತೆಗೆ ಸೇರುತ್ತದೆ. ಒಂದು ಮನೆಯವರು ಹೀಗೆ ಐದು ಸೆಂಟು ಜಾಗ ಬಿಟ್ಟಿದ್ದಾರೆ. ಆ ಮನೆಯ ಅಮ್ಮ ಈಗ ತಾವೇ ಮಳೆಗಾಲದಲ್ಲಿ ನಮಗೆ ಫೋನ್ ಮಾಡಿ, "ಬಂದಿವೆ, ಬನ್ನಿ" ಅನ್ನುತ್ತಾರೆ.

ಕೊನೆಗೆ ಈ ಮೇಜಿನ ಮೇಲಿನ ಬಾಟಲಿಗಳು. ಬಂದಾಗಿನಿಂದ ಮಕ್ಕಳು ಇವನ್ನೇ ನೋಡುತ್ತಿದ್ದಾರೆ. ಹನ್ನೆರಡು ದಿನದ ಹಿಂದೆ ನಾನು ಈ ಭವನದ ಹಿಂದಿನ ತಗ್ಗಿನಿಂದ ಒಂದು ಹಿಡಿ ಒಣಮಣ್ಣು ತೆಗೆದುಕೊಂಡು ಹೋಗಿದ್ದೆ. ಕೈಯಲ್ಲಿ ಪುಡಿಯಾಗುತ್ತಿತ್ತು. ಅದನ್ನು ಬಾಟಲಿಗೆ ಹಾಕಿ ಮೇಲೆ ಬಾವಿ ನೀರು ಸುರಿದೆ. ನಲ್ಲಿ ನೀರು ಬೇಡ, ಕ್ಲೋರಿನ್ ಇರುತ್ತದೆ. ಕಿಟಕಿಯ ಹತ್ತಿರ ಇಟ್ಟೆ. ಬೇರೇನೂ ಮಾಡಲಿಲ್ಲ. ಈಗ ಬೆಳಕಿಗೆ ಹಿಡಿದು ನೋಡಿ. ಧೂಳಿನ ಚುಕ್ಕೆಗಳ ಹಾಗೆ ಕಾಣುತ್ತದೆ, ಆದರೆ ಧೂಳು ಹೀಗೆ ತಡೆದು ತಡೆದು ಜಿಗಿಯುವುದಿಲ್ಲ. ಎಳ್ಳಿಗಿಂತ ಸಣ್ಣ ಚಿಪ್ಪಿನೊಳಗೆ ಕಾಲಾಡಿಸುತ್ತಿರುವುದು ಸೀಗಡಿಯ ದೂರದ ಸಂಬಂಧಿ. ಇವುಗಳ ಮೊಟ್ಟೆ ಬೇಸಿಗೆಯಿಡೀ ಆ ಬಿರುಕು ಬಿಟ್ಟ ಮಣ್ಣಿನಲ್ಲಿ ಕಾದಿರುತ್ತದೆ. ಕೆಲವು ಜೀವಿಗಳ ಮೊಟ್ಟೆ ವರ್ಷಗಟ್ಟಲೆ ಕಾಯುತ್ತದೆ. ಒಂದೇ ಮಳೆಗೆ ಎಲ್ಲವೂ ಒಡೆಯುವುದಿಲ್ಲ, ಕೆಲವು ಮುಂದಿನ ಮಳೆಗೆ ಅಂತ ಉಳಿಯುತ್ತವೆ. ಮಳೆ ಕೈಕೊಟ್ಟರೆ ಅಂತ ಬಿತ್ತನೆ ಬೀಜ ಎತ್ತಿಡುತ್ತೇವಲ್ಲ, ಹಾಗೆ. ಗೆದ್ದಲಿಗೂ ಸಿಗದ ಹಾಗೆ, ಕ್ರಿಕೆಟ್ ಹುಡುಗರ ಕಾಲಡಿಯಲ್ಲಿ.

ಈಗ ಎಲ್ಲರೂ ಎದ್ದು ಹಿಂದಿನ ಗದ್ದೆಗೆ ಹೋಗೋಣ. ಪ್ರತಿಯೊಬ್ಬರಿಗೂ ಒಂದು ಗಾಜಿನ ಬಾಟಲಿ ಇದೆ. ಒಂದು ಹಿಡಿ ಮಣ್ಣು ಸಾಕು, ಜಾಸ್ತಿ ತೆಗೆಯಬೇಡಿ. ತಗ್ಗಿನ ನಡುಮಧ್ಯೆ ತೆಗೆಯಿರಿ, ಅಂಚಿನಲ್ಲಿ ಅಲ್ಲ. ಬಾಟಲಿಯ ಮೇಲೆ ಊರಿನ ಹೆಸರು, ಇವತ್ತಿನ ತಾರೀಖು ಬರೆಯಿರಿ. ಮಳೆ ಬಂದ ಮೇಲೆ ನೀರಿನ ಸಮೇತ ತಂದು ಇದೇ ತಗ್ಗಿಗೆ ಸುರಿಯಬೇಕು, ಬೇರೆ ಕಡೆ ಬೇಡ. ಹುಡುಗರಿಗೆ ಹತ್ತು ನಿಮಿಷ ಆಟ ನಿಲ್ಲಿಸಲು ಹೇಳಿದ್ದೇನೆ. ಅವರಿಗೂ ನಾಲ್ಕು ಬಾಟಲಿ ಎತ್ತಿಟ್ಟಿದ್ದೇನೆ.